ಕಾಡಿನ ನಡುವೆ ಪಟ್ಟಾ ಜಮೀನು: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ತಿಂಗಳು ಅಮೆರಿಕದ ಐಡಾಹೊ ರಾಜ್ಯದ ಸಾಟೂತ್ ಬೆಟ್ಟಸಾಲಿನ ಬಗ್ಗೆ ಬರೆದಿದ್ದೆ. ಅಲ್ಲಿ ಕಾಡಿನ ನಡುವೆ ಸಿಕ್ಕಿಹಾಕ್ಕೊಂಡಿರೋ ರೈತರ ಜಮೀನನ್ನ ಸರ್ಕಾರ ಬಹುಪಾಲು ಕಡೆ ಕಿತ್ಕೊಳ್ಳಲಿಲ್ಲ, ಅವರನ್ನ ಎಬ್ಬಿಸ್ಲೂ ಇಲ್ಲ, ಲೇಔಟ್ ಮಾಡೋ ಹಕ್ಕು, ರೆಸಾರ್ಟ್ ಕಟ್ಟೋ ಹಕ್ಕು ಇಷ್ಟನ್ನ ಮಾತ್ರ ದುಡ್ಡು ಕೊಟ್ಟು ಕೊಂಡ್ಕೊಂಡಿತು, ಇದಕ್ಕೆ ಕನ್ಸರ್ವೇಶನ್ ಈಸ್‌ಮೆಂಟ್ ಅಂತಾರೆ ಅಂತ ಹೇಳಿದ್ದೆ. ಅದಕ್ಕೆ ಬಂದ ಪತ್ರ, ಮೇಲ್, ವಾಟ್ಸಾಪ್ ಮೆಸೇಜ್ ಎಲ್ಲ ಓದಿದೀನಿ, ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿ ಉತ್ತರ ಕೊಡ್ತಿದೀನಿ.

ವೈಲ್ಡರ್‌ನೆಸ್ ಅಂದ್ರೆ ಮನುಷ್ಯರ ವಾಸ ಇಲ್ಲದ ಕಾಡು ಅಂತೀರ, ಮತ್ತೆ ಅದರೊಳಗೆ ಖಾಸಗಿ ಜಮೀನು ಹೆಂಗೆ ಬಂತು? (ತೀರ್ಥಹಳ್ಳಿ)

ಪಟ್ಟಾ ಸಿಕ್ಕಿದ್ದು ಮೊದಲು, ಕಾಡು ಅಂತ ಘೋಷಣೆ ಆಗಿದ್ದು ಆಮೇಲೆ, ಅಷ್ಟೇ ವಿಷಯ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದವರಿಗೆ 160 ಎಕರೆ ಸಿಗ್ತಿತ್ತು. 1872ರ ಗಣಿ ಕಾಯ್ದೆಯಲ್ಲಿ ಅದಿರು ಸಿಕ್ಕಿದವರು ಎಕರೆಗೆ 5 ಡಾಲರ್ ಕಟ್ಟಿ ಆ ಜಾಗಕ್ಕೇ ಮಾಲೀಕರಾಗಬಹುದಿತ್ತು. ಆಮೇಲೆ 1906ರಲ್ಲಿ ಅರಣ್ಯ ಮೀಸಲಿನ ಒಳಗೂ ಸಾಗುವಳಿಗೆ ಯೋಗ್ಯ ಅನ್ನಿಸಿದ ಕಡೆ ಜಮೀನು ಕೊಡೋ ಕಾಯ್ದೆ ಬಂತು. ಹಂಗಾಗಿ ಹೊಳೆ ಪಕ್ಕದ ಹುಲ್ಲುಗಾವಲೆಲ್ಲ ದನ ಸಾಕೋ ದೊಡ್ಡ ಜಮೀನುಗಳ, ಅಂದ್ರೆ ರಾಂಚ್‌ಗಳ ಪಾಲಾಯ್ತು, ತುದಿಬೆಟ್ಟದಲ್ಲಿ ಬೆಳ್ಳಿ ಚಿನ್ನದ ಗಣಿ ತುಂಡುಗಳು ಉಳಿದ್ವು. ಗಣಿ ತುಂಡು ಒಂದೊಂದೂ ಹೆಚ್ಚೆಂದ್ರೆ 1500 ಅಡಿ ಉದ್ದ 600 ಅಡಿ ಅಗಲ, ಅದಿರಿನ ಪದರ ಯಾವ ಕಡೆ ಓಡಿದೆಯೋ ಆ ಕಡೆಗೇ ಅಳತೆ, ನಕ್ಷೆ ನೋಡಿದ್ರೆ ಬೆಟ್ಟದ ಮೇಲೆ ಬೆಂಕಿಕಡ್ಡಿ ಚೆಲ್ಲಿದಂಗೆ ಕಾಣುತ್ತೆ. ವೈಲ್ಡರ್‌ನೆಸ್ ಕಾಯ್ದೆ ಬಂದಿದ್ದು 1964ರಲ್ಲಿ, ಮೊದಲ ದಿನವೇ ಸುಮಾರು 91 ಲಕ್ಷ ಎಕರೆ ಅದರ ಕೆಳಗೆ ಬಂತು, ಆದ್ರೆ ಒಳಗಿದ್ದ ಖಾಸಗಿ ತುಂಡುಗಳು ಖಾಸಗಿಯಾಗೇ ಉಳಿದ್ವು. ಸುತ್ತಲೂ ಕಾಡೇ ಆವರಿಸಿದ್ರೆ ಮಾಲೀಕನಿಗೆ ಹೋಗಿಬರೋ ಹಕ್ಕು ಕೊಡಬೇಕು, ಇಲ್ಲ ಅಂದ್ರೆ ಅಷ್ಟೇ ಬೆಲೆಯ ಸರ್ಕಾರಿ ಜಮೀನು ಬದಲಿಗೆ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಇಂಥ ತುಂಡಿಗೆ ಅಲ್ಲಿಯವರು ಇನ್‌ಹೋಲ್ಡಿಂಗ್ ಅಂತಾರೆ.

ಒಂದು ಮಾತು ಸೇರಿಸಲೇಬೇಕು. ಇದೆಲ್ಲ ಆಗೋ ಮುಂಚೆ ಅದು ಶೋಶೋನಿ, ಬ್ಯಾನಕ್ ಜನರ ನೆಲ. 1868ರ ಫೋರ್ಟ್ ಬ್ರಿಡ್ಜರ್ ಒಪ್ಪಂದದಲ್ಲಿ ಅವರಿಗೆ ಬೇಟೆಯ ಹಕ್ಕು ಉಳೀತು, ಆದ್ರೆ ಅದು ಯಾರೂ ನೆಲೆಸದ ಸರ್ಕಾರಿ ನೆಲದ ಮೇಲೆ ಮಾತ್ರ. ಖಾಸಗಿ ಪಟ್ಟಾ ಆದ ಕೂಡ್ಲೇ ಆ ನೆಲ ಅವರ ಕೈ ತಪ್ಪಿತು. ಕಾಡು ಉಳಿಸಿದ ಕಥೆ ಹೇಳೋವಾಗ ಇದನ್ನ ಬಿಟ್ಟು ಹೇಳೋದು ನ್ಯಾಯ ಅಲ್ಲ.

ಈಸ್‌ಮೆಂಟ್ ಅಂದ್ರೆ ನಮಗೆ ಗೊತ್ತಿರೋದು ಬಂಡಿದಾರಿ ಹಕ್ಕು, ಕಾಲುವೆ ಹಕ್ಕು. ಇದು ಬೇರೆನಾ? ಸ್ವಲ್ಪ ಬಿಡಿಸಿ ಹೇಳಿ. (ಶಿರಸಿ)

ಬೇರು ಒಂದೇ, ಕೊಂಬೆ ಬೇರೆ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕ್ರಯಪತ್ರ ಇದ್ರೆ ತೆಗೆದು ನೋಡಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಎಂಟು ಹೆಸರು ಸಾಲಾಗಿ ಬರೆದಿರ್ತಾರೆ, ಅಷ್ಟಭೋಗ ತೇಜಸ್ವಾಮ್ಯ ಸಮೇತ ಮಾರಿದ್ದೀನಿ ಅಂತ. ನಮ್ಮ ಶಾಸನಗಳಲ್ಲೂ ಇದು ಬರುತ್ತೆ. ಅಂದ್ರೆ ಜಮೀನು ಅನ್ನೋದು ಒಂದೇ ಹಕ್ಕಲ್ಲ, ಹಲವು ಹಕ್ಕುಗಳ ಗಂಟು ಅಂತ ನಮ್ಮ ಹಿರಿಯರಿಗೆ ಚೆನ್ನಾಗೇ ಗೊತ್ತಿತ್ತು. ಹೂತಿಟ್ಟ ನಿಧಿ ಬೇರೆ, ನೀರು ಬೇರೆ, ಕಲ್ಲು ಬೇರೆ, ಈಗ ಬರ್ತಿರೋ ಉತ್ಪತ್ತಿ (ಸಿದ್ಧ) ಬೇರೆ, ಮುಂದೆ ಏನು ಮಾಡಬಹುದೋ ಅದು (ಸಾಧ್ಯ) ಬೇರೆ.

ಕನ್ಸರ್ವೇಶನ್ ಈಸ್‌ಮೆಂಟ್ ಮಾಡೋದು ಆ ಕೊನೇ ಹಕ್ಕಿಗೆ ಕೈ ಹಾಕೋ ಕೆಲಸ. ಸಿದ್ಧ ಇರೋದೆಲ್ಲ ಮಾಲೀಕನ ಹತ್ರನೇ ಇರುತ್ತೆ, ಅವನು ದನ ಮೇಯಿಸ್ತಾನೆ, ಹುಲ್ಲು ಕೊಯ್ತಾನೆ, ಇರೋ ಮನೆಯಲ್ಲಿ ಇರ್ತಾನೆ, ಜಮೀನು ಮಾರ್ತಾನೆ, ಮಕ್ಕಳಿಗೆ ಬಿಟ್ಟು ಹೋಗ್ತಾನೆ, ತೆರಿಗೆ ಕಟ್ತಾನೆ. ಸಾಧ್ಯದಲ್ಲಿ ಒಂದಷ್ಟನ್ನ ಮಾತ್ರ ಬಿಟ್ಟುಕೊಡ್ತಾನೆ: 200 ಎಕರೆಯನ್ನ ನಲವತ್ತು ಸೈಟ್ ಮಾಡೋದು, ಹೋಟೆಲ್ ಕಟ್ಟೋದು, ಗುಡ್ಡ ಕಡಿದು ರಸ್ತೆ ತೆಗೆಯೋದು, ಕ್ವಾರಿ ಮಾಡೋದು. ಹಂಗೆ ಬಿಟ್ಟುಕೊಟ್ಟಿದ್ದು ಜಮೀನು ಕಾಯೋಕೆ ಅಂತಲೇ ಇರೋ ಒಂದು ಲ್ಯಾಂಡ್ ಟ್ರಸ್ಟಿಗೋ ಸರ್ಕಾರಿ ಇಲಾಖೆಗೋ ಹೋಗುತ್ತೆ, ಆದ್ರೆ ಅವರೂ ಅದನ್ನ ಬಳಸೋ ಹಂಗಿಲ್ಲ. ಯಾರೂ ಬಳಸದಂತೆ ನೋಡ್ಕೊಳ್ಳೋದೇ ಅವರ ಹಕ್ಕು, ಅದೇ ಅವರ ಕೆಲಸ. ಪತ್ರ ರಿಜಿಸ್ಟರ್ ಆಗುತ್ತೆ, ಜಮೀನು ಎಷ್ಟು ಕೈ ಬದಲಾದ್ರೂ ಪತ್ರ ಅದರ ಜೊತೆಗೇ ಹೋಗುತ್ತೆ, ತೆರಿಗೆ ರಿಯಾಯ್ತಿ ಬೇಕು ಅಂದ್ರೆ ಅದು ಶಾಶ್ವತವಾಗಿರಲೇಬೇಕು, 30 ವರ್ಷಕ್ಕೆ 50 ವರ್ಷಕ್ಕೆ ಅಂತ ಬರೆದ್ರೆ ಆಗಲ್ಲ.

ಬಂಡಿದಾರಿ ಹಕ್ಕಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಇಲ್ಲಿದೆ. ಬಂಡಿದಾರಿಯಲ್ಲಿ ನಿಮ್ಮ ತೋಟಕ್ಕೆ ಅನುಕೂಲ ಆಗಲಿ ಅಂತ ಪಕ್ಕದವರ ಜಮೀನಿನ ಮೇಲೆ ಹಕ್ಕು, ಅಂದ್ರೆ ಎರಡು ಜಮೀನು ಬೇಕು. ಕನ್ಸರ್ವೇಶನ್ ಈಸ್‌ಮೆಂಟಿನಲ್ಲಿ ಹಕ್ಕು ಪಡೆಯೋ ಟ್ರಸ್ಟಿಗೆ ಅಕ್ಕಪಕ್ಕ ಒಂದು ಗುಂಟೆನೂ ಇರಬೇಕಾಗಿಲ್ಲ. ಹಳೇ ಕಾನೂನಿನಲ್ಲಿ ಇದಕ್ಕೆ ಜಾಗ ಇರಲಿಲ್ಲ, ಅದಕ್ಕೇ ಅಮೆರಿಕದಲ್ಲಿ 1981ರಲ್ಲಿ ಒಂದು ಮಾದರಿ ಕಾಯ್ದೆ ತಯಾರು ಮಾಡಿದ್ರು, ಹೆಚ್ಚಿನ ರಾಜ್ಯಗಳು ಅದನ್ನೋ ಅಂಥದ್ದೇ ಇನ್ನೊಂದನ್ನೋ ಒಪ್ಕೊಂಡ್ವು. ಮಡಿಕೇರಿಯವರಿಗೆ ಕೊಟ್ಟ ಉತ್ತರದಲ್ಲಿ ಈ ವಿಷಯ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಇಷ್ಟೆಲ್ಲ ತಲೆಬಿಸಿ ಯಾಕೆ, ಸರ್ಕಾರ ಜಮೀನನ್ನೇ ಕೊಂಡ್ಕೊಂಡ್ಬಿಟ್ರೆ ಆಯ್ತಲ್ಲ? (ಹಾಸನ)

ಕೆಲವು ಕಡೆ ಕೊಂಡ್ಕೊಳ್ಳೋದೇ ಸರಿ, ಅದರಲ್ಲೂ ಬೆಟ್ಟದ ತುದಿಯ ಹಳೇ ಗಣಿ ತುಂಡುಗಳ ಮೇಲೆ ಯಾರೂ ವಾಸ ಇಲ್ಲ, ಬೇಸಾಯ ಇಲ್ಲ, ಅವನ್ನ ಪೂರ್ತಿ ಕೊಂಡು ಕಾಡಿಗೆ ಸೇರಿಸೋದೇ ಒಳ್ಳೇದು. ವೈಲ್ಡರ್‌ನೆಸ್ ಲ್ಯಾಂಡ್ ಟ್ರಸ್ಟ್ ಅಂತ 1992ರಲ್ಲಿ ಶುರುವಾದ ಸಂಸ್ಥೆ ಮಾಡೋದೇ ಈ ಕೆಲಸ, ಒಪ್ಪಿ ಮಾರೋರ ಹತ್ರ ಇನ್‌ಹೋಲ್ಡಿಂಗ್ ಕೊಂಡು ಸರ್ಕಾರಕ್ಕೆ ದಾಟಿಸ್ತಾರೆ.

ಆದ್ರೆ ಸಾಟೂತ್ ಕಣಿವೆ ಕಥೆ ಬೇರೆ. ಅಲ್ಲಿ ಜನ ಇದ್ದಾರೆ, ದನ ಇದೆ, ಸ್ಟ್ಯಾನ್ಲಿ ಅನ್ನೋ ಊರಿದೆ, ನೂರು ಚಿಲ್ಲರೆ ಜನಸಂಖ್ಯೆಯ ಊರು. 1968ರಲ್ಲಿ ಪಕ್ಕದ ವೈಟ್ ಕ್ಲೌಡ್ಸ್ ಬೆಟ್ಟಗಳಲ್ಲಿ, 11,815 ಅಡಿ ಎತ್ತರದ ಕ್ಯಾಸಲ್ ಪೀಕ್ ಬುಡದಲ್ಲಿ, ಅಸಾರ್ಕೊ ಕಂಪನಿ ಮಾಲಿಬ್ಡಿನಮ್ ಗಣಿ ತೆಗೀತೀವಿ ಅಂತ ಬಂತು. ಅದನ್ನ ವಿರೋಧಿಸಿ ಸೆಸಿಲ್ ಆಂಡ್ರಸ್ ಅನ್ನೋರು 1970ರಲ್ಲಿ ಐಡಾಹೊ ಗವರ್ನರ್ ಆಗಿ ಗೆದ್ರು, ಗಣಿಗಾರಿಕೆಯ ರಾಜ್ಯದಲ್ಲಿ ಅದು ಸಣ್ಣ ವಿಷಯ ಅಲ್ಲ. ಅದೇ ಹೊತ್ತಿಗೆ ಕಣಿವೆಯಲ್ಲಿ ರಾಂಚ್‌ಗಳನ್ನ ಸೈಟ್ ಸೈಟ್ ಮಾಡಿ ಮಾರೋದೂ ಶುರುವಾಗಿತ್ತು. ಗಣಿ ಎಲ್ಲರ ಕಣ್ಣಿಗೂ ಬಿತ್ತು, ಸೈಟು ಸದ್ದಿಲ್ಲದೆ ಬರ್ತಿತ್ತು. 1972ರ ಆಗಸ್ಟ್‌ನಲ್ಲಿ ಪಾಸಾದ ಕಾಯ್ದೆ ಎರಡಕ್ಕೂ ಉತ್ತರ ಹುಡುಕಿತು: ಸುಮಾರು 7.56 ಲಕ್ಷ ಎಕರೆ ಸಾಟೂತ್ ನ್ಯಾಷನಲ್ ರಿಕ್ರಿಯೇಶನ್ ಏರಿಯಾ, ಅದರೊಳಗೆ 2.17 ಲಕ್ಷ ಎಕರೆ ವೈಲ್ಡರ್‌ನೆಸ್, ಕಣಿವೆ ತಳದ ಸುಮಾರು 20 ಸಾವಿರ ಎಕರೆ ಖಾಸಗಿ ಜಮೀನಿಗೆ, ಕಣಿವೆಯ ನೋಟ ಕೆಡದಂತೆ ಕಾಯೋ ಸೀನಿಕ್ ಈಸ್‌ಮೆಂಟ್ ಕೊಳ್ಳೋ ಅಧಿಕಾರ ಅಲ್ಲಿಯ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್‌ಗೆ. ಆಮೇಲಿನ ದಶಕಗಳಲ್ಲಿ ಆ ಖಾಸಗಿ ಜಮೀನಿನ ಬಹುಪಾಲಿಗೆ ಈಸ್‌ಮೆಂಟ್ ಬಿತ್ತು. ಕೆಲವು ಮಾಲೀಕರು ಖುಷಿಯಿಂದ ಕೊಟ್ರು, ಕೆಲವರು ಗೊಣಗಿಕೊಂಡೇ ಕೊಟ್ರು.

ಪರಿಣಾಮ ಏನು ಅಂದ್ರೆ, ಹೈವೇ 75ರಲ್ಲಿ ಗಲೀನಾ ಘಟ್ಟದ 8,701 ಅಡಿ ತುದಿಯಿಂದ ಕೆಳಗೆ ನೋಡಿದ್ರೆ ಈಗಲೂ ಸಾಲ್ಮನ್ ನದಿ ಹುಟ್ಟೋ ಜಾಗ, ಹುಲ್ಲುಗಾವಲು, ಕಟ್ಟಿಗೆ ಬೇಲಿ, ಅಲ್ಲೊಂದು ಇಲ್ಲೊಂದು ಮರದ ದಿಮ್ಮಿ ಮನೆ ಇಷ್ಟೇ ಕಾಣೋದು. ಅದೇ ಘಟ್ಟದ ದಕ್ಷಿಣಕ್ಕೆ ಇಳಿದು ಕೆಚಮ್, ಸನ್ ವ್ಯಾಲಿ ಕಡೆ ಹೋದ್ರೆ ಬೆಟ್ಟದ ಬುಡಕ್ಕೆಲ್ಲ ದೊಡ್ಡ ದೊಡ್ಡ ಬಂಗಲೆ. ನಡುವೆ ಇರೋದು ಒಂದು ಘಟ್ಟ, ಮತ್ತೆ ಒಂದು ಕಾಯ್ದೆ. 2017ರಲ್ಲಿ ಆ ಸೀಮೆಗೆ ಅಮೆರಿಕದ ಮೊದಲ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ರಿಸರ್ವ್, ಅಂದ್ರೆ ರಾತ್ರಿ ಆಕಾಶದ ಕತ್ತಲೆ ಕಾಯೋ ತಾಣ, ಅನ್ನೋ ಮಾನ್ಯತೆ ಬಂತು, ಕಣಿವೆಯಲ್ಲಿ ದೀಪ ಕಮ್ಮಿ ಇರೋದಕ್ಕೆ ಈ ಈಸ್‌ಮೆಂಟ್‌ಗಳೂ ಒಂದು ಕಾರಣ ಅಂತ ನನ್ನ ನಂಬಿಕೆ.

ಎಲ್ಲ ಜಮೀನನ್ನೂ ಕೊಂಡಿದ್ರೆ ಆ ರಾಂಚ್ ಜನ ಇರ್ತಿರಲಿಲ್ಲ, ಬೇಲಿ ನೋಡೋರು, ಚಳಿಗಾಲದಲ್ಲಿ ಅಲ್ಲೇ ಇದ್ದು ಬೆಂಕಿ, ಹಿಮ, ಕಳ್ಳಬೇಟೆ ಎಲ್ಲ ಗಮನಿಸೋರು ಇರ್ತಿರಲಿಲ್ಲ. ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ. ಕಾಡಿನ ನಡುವೆ ಇರೋ ಮಾಲೀಕ ಅಂದ ಕೂಡ್ಲೇ ಅವನನ್ನ ಶತ್ರು ಥರ ನೋಡೋದು ಎಲ್ಲ ದೇಶದಲ್ಲೂ ಇದೆ. ಅಪಾಯ ಇರೋದು ಅವನಲ್ಲಲ್ಲ, ಅವನು ನಾಳೆ ಯಾರಿಗೆ ಮಾರ್ತಾನೆ ಅನ್ನೋದರಲ್ಲಿ. ಆ ಅಪಾಯಕ್ಕೆ ಬೆಲೆ ಕಟ್ಟಿ ಕೊಂಡ್ರೆ ಸಾಕು, ಮನುಷ್ಯನನ್ನ ಎಬ್ಬಿಸಬೇಕಾಗಿಲ್ಲ.

ಹಂಗಂತ ಎಲ್ಲ ಮಾಲೀಕರೂ ಸಾಧು ಅಂತ ಅಲ್ಲ. 1992ರ ಸುಮಾರಿಗೆ ಕೊಲರಾಡೊದ ವೆಸ್ಟ್ ಎಲ್ಕ್ ವೈಲ್ಡರ್‌ನೆಸ್ ಒಳಗಿನ 240 ಎಕರೆ ತುಂಡಿಗೆ ಒಬ್ಬ ಡೆವಲಪರ್ ಹೆಲಿಕಾಪ್ಟರಿನಲ್ಲಿ ಸಾಮಾನು ಇಳಿಸಿ ಬಂಗಲೆ ಕಟ್ಟೋಕೆ ಶುರು ಮಾಡಿದ, ಕೊನೆಗೆ ಫಾರೆಸ್ಟ್ ಸರ್ವಿಸ್ ಟೆಲ್ಯುರೈಡ್ ಅನ್ನೋ ದುಬಾರಿ ಸ್ಕೀ ಊರಿನ ಹತ್ರ ಜಮೀನು ಕೊಟ್ಟು ಆ ತುಂಡು ಬಿಡಿಸ್ಕೊಳ್ಳಬೇಕಾಯ್ತು. ಅದನ್ನ ನೋಡಿ ಇನ್ನೆಷ್ಟು ಜನಕ್ಕೆ ಆಸೆ ಹುಟ್ಟಿರಬೇಡ! ಇಂಥದ್ದು ಆಗೋ ಮೊದಲೇ, ಜಮೀನು ಇನ್ನೂ ಹಳೇ ಮನೆತನದ ಕೈಯಲ್ಲಿರೋವಾಗಲೇ, ಹೋಗಿ ಕೂತು ಮಾತಾಡಬೇಕು.

ದುಡ್ಡಿನ ಲೆಕ್ಕ ಹೇಳಿ. ಬರೀ ಕಟ್ಟಲ್ಲ ಅನ್ನೋದಕ್ಕೆ ಯಾರು ಎಷ್ಟು ಕೊಡ್ತಾರೆ? (ಮೈಸೂರು)

ಮೊದಲು ಈಸ್‌ಮೆಂಟ್ ಇಲ್ಲದೆ ಜಮೀನಿಗೆ ಏನು ಬೆಲೆ ಅಂತ ಕಟ್ತಾರೆ, ಆಮೇಲೆ ಈಸ್‌ಮೆಂಟ್ ಬಿದ್ದ ಮೇಲೆ ಏನು ಬೆಲೆ ಅಂತ ಕಟ್ತಾರೆ, ಎರಡರ ವ್ಯತ್ಯಾಸವೇ ಈಸ್‌ಮೆಂಟಿನ ಬೆಲೆ. ಉದಾಹರಣೆಗೆ ಸೈಟ್ ಮಾಡೋ ಹಂಗಿದ್ರೆ 10 ಲಕ್ಷ ಡಾಲರ್, ಬರೀ ಹುಲ್ಲುಗಾವಲಾಗಿ 4 ಲಕ್ಷ ಅಂದ್ರೆ ಈಸ್‌ಮೆಂಟಿಗೆ 6 ಲಕ್ಷ. ಅದನ್ನ ಸರ್ಕಾರ ಕೊಳ್ಳಬಹುದು, ಟ್ರಸ್ಟ್ ಕೊಳ್ಳಬಹುದು, ಅಥವಾ ಮಾಲೀಕ ದಾನ ಕೊಟ್ಟು ಆ 6 ಲಕ್ಷವನ್ನ ಆದಾಯ ತೆರಿಗೆಯಲ್ಲಿ ಕಳೆಯಬಹುದು. ಸರ್ಕಾರದ ದುಡ್ಡು ಬರೋ ದೊಡ್ಡ ದಾರಿ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್, ಅದರ ಮೂಲ ಮುಖ್ಯವಾಗಿ ಸಮುದ್ರದ ತೈಲ ಗ್ಯಾಸ್ ಬಾವಿಗಳ ರಾಯಲ್ಟಿ, 2020ರ ಕಾಯ್ದೆ ಆದ್ಮೇಲೆ ವರ್ಷಕ್ಕೆ 90 ಕೋಟಿ ಡಾಲರ್ ಅಂತ ಖಾಯಂ ಆಗಿದೆ, ಆದ್ರೆ ಅದು ಪಾರ್ಕು, ಮೈದಾನ ಎಲ್ಲಕ್ಕೂ ಹಂಚಿಹೋಗುತ್ತೆ. ತೆರಿಗೆ ಕಡೆ 2015ರಿಂದ ಖಾಯಂ ಇರೋ ನಿಯಮ: ವರ್ಷದ ಆದಾಯದ 50 ಪರ್ಸೆಂಟ್ ತನಕ ಕಳೆಯಬಹುದು, ಉಳಿದದ್ದನ್ನ ಮುಂದಿನ 15 ವರ್ಷಕ್ಕೆ ಒಯ್ಯಬಹುದು, ನಿಜವಾದ ರೈತರಿಗೆ 100 ಪರ್ಸೆಂಟ್.

ನೀವು ಚಾರ್ಟರ್ಡ್ ಅಕೌಂಟೆಂಟ್ ಅಂತ ಬರೆದಿದ್ರಿ, ಹಂಗಾಗಿ ಇದರಲ್ಲಿ ಮೋಸ ಎಲ್ಲಿ ಹುಟ್ಟುತ್ತೆ ಅಂತ ನಿಮಗೆ ಆಗಲೇ ಹೊಳೆದಿರುತ್ತೆ. ಮೊದಲನೇ ಬೆಲೆಯನ್ನ ಸಿಕ್ಕಾಪಟ್ಟೆ ಏರಿಸಿ ಬರೆದ್ರೆ ವ್ಯತ್ಯಾಸವೂ ಏರುತ್ತೆ. ಹಂಗೇ ಮಾಡಿದ್ರು, ಹತ್ತಾರು ಹೂಡಿಕೆದಾರರನ್ನ ಸೇರಿಸಿ ಅಗ್ಗದ ಜಮೀನು ಕೊಂಡು, ಅದರ ಮೇಲೆ ಕಾಲ್ಪನಿಕ ರೆಸಾರ್ಟಿನ ಬೆಲೆ ಕಟ್ಟಿಸಿ, ಹಾಕಿದ ದುಡ್ಡಿನ ನಾಕೈದು ಪಟ್ಟು ತೆರಿಗೆ ಕಳೆದ್ರು. 2022ರ ಕೊನೆಗೆ ಅಮೆರಿಕದ ಸಂಸತ್ತು ಇಂಥ ಪಾಲುದಾರಿಕೆಗಳಿಗೆ ಹೂಡಿಕೆಯ ಎರಡೂವರೆ ಪಟ್ಟಿಗಿಂತ ಹೆಚ್ಚು ಕಳೆಯೋ ಹಂಗಿಲ್ಲ ಅಂತ ಬೇಲಿ ಹಾಕ್ತು. ಆ ವ್ಯವಹಾರಗಳು ನಿಜವಾಗ್ಲೂ ಕಾಡು ಉಳಿಸೋಕೆ ಹೊರಟ ರಾಂಚ್ ಮನೆತನಗಳ ಹೆಸರನ್ನೂ ಕೆಡಿಸಿದ್ವು, ನನಗೆ ಸಿಟ್ಟು ಬರೋದು ಅದಕ್ಕೆ.

ಈಸ್‌ಮೆಂಟ್ ಆಯ್ತು, ರಿಜಿಸ್ಟರ್ ಆಯ್ತು. ಇನ್ನು ಆ ಜಮೀನು ಸೇಫ್ ತಾನೇ? (ಸಾಗರ)

ಇಲ್ಲ ಮೇಡಂ. ಪತ್ರದಲ್ಲಿ ಏನು ಬರೆದಿದೆಯೋ ಅಷ್ಟಕ್ಕೆ ಮಾತ್ರ ರಕ್ಷಣೆ, ಅದೂ ಯಾರಾದ್ರೂ ಕಾಯ್ತಿದ್ರೆ ಮಾತ್ರ.

ನೀರಿನ ವಿಷಯನೇ ತಗೊಳ್ಳಿ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೀರಿನ ಹಕ್ಕು ಜಮೀನಿನ ಹಕ್ಕಿಗಿಂತ ಬೇರೆ, ಯಾರು ಮೊದಲು ತಿರುಗಿಸಿ ಬಳಸಿದ್ರೋ ಅವರಿಗೆ ಮೊದಲ ಪಾಲು. ಸಾಟೂತ್‌ನ ಹಳೇ ಈಸ್‌ಮೆಂಟ್‌ಗಳ ಗಮನವೆಲ್ಲ ಕಣ್ಣಿಗೆ ಕಾಣೋದರ ಮೇಲೆ ಇತ್ತು, ಕಟ್ಟಡ, ಸೈಟು, ರಸ್ತೆ. ಆದ್ರೆ ಆ ಕಣಿವೆ ಸಾಲ್ಮನ್ ಮೀನು ಮೊಟ್ಟೆ ಇಡೋ ಜಾಗ. ಪೆಸಿಫಿಕ್ ಸಮುದ್ರದಿಂದ ಸುಮಾರು 900 ಮೈಲಿ ಈಜಿ, 6,500 ಅಡಿ ಎತ್ತರ ಹತ್ತಿ ರೆಡ್‌ಫಿಶ್ ಕೆರೆಗೆ ಸಾಕೈ ಸಾಲ್ಮನ್ ಬರ್ತಿತ್ತು, ಆ ಕೆಂಪು ಮೀನಿಂದಲೇ ಕೆರೆಗೆ ಆ ಹೆಸರು. 1991ರಲ್ಲಿ ಅದನ್ನ ಅಳಿವಿನಂಚಿನ ಪಟ್ಟಿಗೆ ಹಾಕಿದ್ರು, 1992ರಲ್ಲಿ ವಾಪಸ್ ಬಂದಿದ್ದು ಒಂದೇ ಒಂದು, ಅದೂ ಗಂಡು. ದೊಡ್ಡ ಕಾರಣ ಕೆಳಗೆ ಸ್ನೇಕ್ ಮತ್ತು ಕೊಲಂಬಿಯಾ ನದಿಗಳ ಮೇಲಿರೋ ಎಂಟು ಅಣೆಕಟ್ಟು, ಅದನ್ನ ರಾಂಚ್‌ನವರ ತಲೆಗೆ ಕಟ್ಟೋದು ತಪ್ಪು. ಆದ್ರೆ ಶಿನೂಕ್ ಸಾಲ್ಮನ್, ಸ್ಟೀಲ್‌ಹೆಡ್ ಥರದ ಬೇರೆ ಮೀನುಗಳು ಹತ್ತೋ ಸಣ್ಣ ಹಳ್ಳಗಳ ನೀರನ್ನ ಬೇಸಿಗೆಯಲ್ಲಿ ಹುಲ್ಲಿಗೆ ತಿರುಗಿಸಿದ್ರೆ ಹಳ್ಳದ ತಳ ಒಣಗುತ್ತೆ, ಮೀನು ಮೇಲೆ ಹೋಗೋ ಹಂಗೇ ಇಲ್ಲ. ಕಣಿವೆ ನೋಡೋಕೆ ಸುಂದರ, ಈಸ್‌ಮೆಂಟಿನ ಒಂದು ಷರತ್ತೂ ಮುರಿದಿಲ್ಲ, ಮೀನಿಗೆ ಮಾತ್ರ ದಾರಿ ಇಲ್ಲ. ಅದಕ್ಕೆ ನೀರಿನ ಹಕ್ಕನ್ನೇ ಬೇರೆಯಾಗಿ ಕೊಳ್ಳಬೇಕು, ಗುತ್ತಿಗೆಗೆ ತಗೋಬೇಕು, ಇಲ್ಲ ಕಾಲುವೆ ಬದಲು ಪೈಪ್, ಸ್ಪ್ರಿಂಕ್ಲರ್ ಹಾಕಿಸಿ ಉಳಿದ ನೀರನ್ನ ಹಳ್ಳಕ್ಕೆ ಬಿಡಿಸಬೇಕು. ಗಣಿ ಹಕ್ಕೂ ಹಂಗೇ, ಮೇಲಿನ ಮಣ್ಣು ಒಬ್ಬರದು ಕೆಳಗಿನ ಅದಿರು ಇನ್ನೊಬ್ಬರದು ಅಂತ ಬೇರೆಯಾಗಿರೋ ಜಮೀನಿಗೆ ಈಸ್‌ಮೆಂಟ್ ಹಾಕೋ ಮೊದಲು ಅದಿರಿನ ಹಕ್ಕು ಯಾರ ಹತ್ರ ಇದೆ ಅಂತ ನೋಡದಿದ್ರೆ ಕೆಲಸ ಪೂರ್ತಿ ಆಗಿಲ್ಲ ಅಂತಲೇ ಅರ್ಥ.

ಕಾಯೋ ವಿಷಯ ಇನ್ನೂ ದೊಡ್ಡದು. ಒಳ್ಳೇ ಟ್ರಸ್ಟುಗಳು ಸಹಿ ಆಗೋ ಹೊತ್ತಿಗೇ ಬೇಸ್‌ಲೈನ್ ರಿಪೋರ್ಟ್ ಅಂತ ಮಾಡ್ತಾರೆ, ಯಾವ ಮನೆ ಎಲ್ಲಿದೆ, ಬೇಲಿ ಎಲ್ಲಿದೆ, ಹಳ್ಳದ ದಂಡೆ ಹೆಂಗಿದೆ ಅಂತ ಫೋಟೋ, ನಕ್ಷೆ ಸಮೇತ, ಮಾಲೀಕನೂ ಸಹಿ ಹಾಕ್ತಾನೆ. ಆಮೇಲೆ ವರ್ಷಕ್ಕೊಂದ್ಸಲ ಹೋಗಿ ನಡೆದು ನೋಡಿ ಬರ್ತಾರೆ. ಕೋರ್ಟು ಖರ್ಚಿಗೆ, ಓಡಾಟಕ್ಕೆ ಅಂತ ಒಂದು ನಿಧಿ ಮೊದಲೇ ತೆಗೆದಿಡ್ತಾರೆ. ಈಸ್‌ಮೆಂಟ್ ಕೊಟ್ಟ ಮೊದಲ ಮಾಲೀಕನ ಜೊತೆ ಜಗಳ ಕಮ್ಮಿ, ಅವನು ಮನಸಾರೆ ಕೊಟ್ಟಿರ್ತಾನೆ. ಕಷ್ಟ ಬರೋದು ಎರಡನೇ ಮೂರನೇ ಮಾಲೀಕ ಬಂದಾಗ. ಸ್ಟ್ಯಾನ್ಲಿಯಿಂದ ರೆಡ್‌ಫಿಶ್ ಕೆರೆ ಕಡೆ ಹೋಗೋ ನಡೆದಾರಿಗೆ ಅಂತ 2005ರಲ್ಲಿ ಫಾರೆಸ್ಟ್ ಸರ್ವಿಸ್ ಒಂದು ರಾಂಚ್ ಮೇಲೆ 30 ಅಡಿ ಅಗಲದ ಪಟ್ಟಿ ಕೊಂಡಿತ್ತು, ಆಮೇಲೆ ರಾಂಚ್ ಕೈ ಬದಲಾಯ್ತು, ಹೊಸ ಮಾಲೀಕರು ದಾರಿ ಬೇಡ ಅಂತ ಕೋರ್ಟಿಗೆ ಹೋದ್ರು, ಕೋರ್ಟ್ ಪತ್ರವನ್ನೇ ಎತ್ತಿಹಿಡೀತು, ದಾರಿ ಆಯ್ತು. ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ರಿಂದ ಉಳೀತು.

ನಾವು ಬಾಯ್ಸಿಯಲ್ಲಿ ಕೆಲಸದಲ್ಲಿರೋ ಕನ್ನಡಿಗರು. ಸ್ಟ್ಯಾನ್ಲಿ ಹತ್ರ ಒಂದು ಕ್ಯಾಬಿನ್ ಜಮೀನು ನೋಡಿದೀವಿ, ಈಸ್‌ಮೆಂಟ್ ಇದೆ ಅಂತಾರೆ, ಬೆಲೆ ಕಮ್ಮಿ. ತಗೋಬಹುದಾ? (ಐಡಾಹೊ)

ತಗೋಬಹುದು, ಆದ್ರೆ ಏಜೆಂಟ್ ಹೇಳಿದ್ದನ್ನ ನಂಬಿ ಅಲ್ಲ. ಟೈಟಲ್ ಕಂಪನಿಯಿಂದ ಈಸ್‌ಮೆಂಟ್ ಡೀಡ್ ತರಿಸ್ಕೊಂಡು ನೀವೇ ಪ್ರತಿ ಸಾಲು ಓದಿ, 70ರ ದಶಕದ ಡೀಡ್‌ಗೂ ಈಚಿನದಕ್ಕೂ ತುಂಬಾ ವ್ಯತ್ಯಾಸ ಇರುತ್ತೆ, ಒಂದರಲ್ಲಿ ಹೊಸ ಮನೆಗೆ ಅವಕಾಶ ಇದ್ರೆ ಇನ್ನೊಂದರಲ್ಲಿ ಶೆಡ್ ಕಟ್ಟೋಕೂ ಮೊದಲು ಲಿಖಿತ ಒಪ್ಪಿಗೆ ಬೇಕು. ಛಾವಣಿ ಹೊಳೆಯೋ ಹಂಗಿಲ್ಲ, ಗೋಡೆ ಮರ ಅಥವಾ ಕಲ್ಲಿನ ಬಣ್ಣಕ್ಕೆ ಹೊಂದಬೇಕು ಅನ್ನೋ ಥರದ ನಿಯಮ ಅಲ್ಲಿ ಸಾಮಾನ್ಯ. ಫಾರೆಸ್ಟ್ ಸರ್ವಿಸ್‌ನ ಸ್ಥಳೀಯ ಆಫೀಸಿಗೆ ಖುದ್ದಾಗಿ ಹೋಗಿ, ಹಿಂದಿನ ಮಾಲೀಕ ಷರತ್ತು ಮುರಿದು ಏನಾದ್ರೂ ಕಟ್ಟಿದ್ದಾನಾ ಅಂತ ಕೇಳಿ, ಯಾಕಂದ್ರೆ ಕೊಂಡ ಮೇಲೆ ಸರಿ ಮಾಡೋ ಜವಾಬ್ದಾರಿ ನಿಮ್ಮ ತಲೆ ಮೇಲೆ ಬರಬಹುದು. ಚಳಿಗಾಲದಲ್ಲಿ ರಸ್ತೆ ಹಿಮ ತೆಗೀತಾರಾ, ಬಾವಿ ಇದ್ಯಾ, ನೀರಿನ ಹಕ್ಕು ಜೊತೆಗೆ ಬರುತ್ತಾ, ಇವನ್ನೂ ನೋಡಿ. ಬಾಯ್ಸಿಯಿಂದ ಹೈವೇ 21ರಲ್ಲಿ 130 ಮೈಲಿ, ಹಿಮಕುಸಿತ ಆದ್ರೆ ಆ ರಸ್ತೆ ಮುಚ್ತಾರೆ.

ಇನ್ನೊಂದು ಮಾತು, ಅಣ್ಣ ತಮ್ಮ ಥರ ಹೇಳ್ತೀನಿ. ಬರೀ ವೀಕೆಂಡ್ ಬಾಡಿಗೆಗೆ ಬಿಡೋ ಪ್ಲಾನ್ ಇದ್ರೆ ಬೇರೆ ಕಡೆ ನೋಡಿ. ಸ್ಟ್ಯಾನ್ಲಿಯಲ್ಲಿ ಬೇಸಿಗೆ ಕೆಲಸಕ್ಕೆ ಬರೋ ಹುಡುಗರು ಮನೆ ಸಿಗದೆ ಟ್ರೇಲರ್‌ನಲ್ಲಿ, ಕಾರಲ್ಲಿ ಮಲಗೋ ಪರಿಸ್ಥಿತಿ ಇದೆ. ಕಟ್ಟೋಕೆ ಜಾಗ ಕಮ್ಮಿ ಆದಾಗ ಇರೋ ಮನೆಗೆ ಬೆಲೆ ಏರುತ್ತೆ, ಈಸ್‌ಮೆಂಟಿನ ಈ ಮುಖವನ್ನ ಅದರ ಪರ ಇರೋ ನಮ್ಮಂಥವರು ಮೊದಲು ಒಪ್ಕೋಬೇಕು.

ನಮ್ಮದು 60 ಎಕರೆ ಕಾಫಿ, ಅದರಲ್ಲಿ 15 ಎಕರೆ ಹಂಗೇ ಕಾಡು ಬಿಟ್ಟಿದೀವಿ. ಪಕ್ಕದಲ್ಲೇ ರಿಸರ್ವ್ ಫಾರೆಸ್ಟ್. ಮಕ್ಕಳು ಬೆಂಗಳೂರಲ್ಲಿ, ನಾಳೆ ಮಾರಿಬಿಟ್ರೆ? ನಮ್ಮಲ್ಲೂ ಹಿಂಗೆ ಬರೆದಿಡೋಕೆ ಆಗುತ್ತಾ? (ಮಡಿಕೇರಿ)

ನಿಮ್ಮ ಪತ್ರ ಎರಡು ಸಲ ಓದಿದೆ. ಅಮೆರಿಕದಲ್ಲಿ ಇರೋ ರೂಪದಲ್ಲಿ ಇವತ್ತು ಇಲ್ಲಿ ಆಗಲ್ಲ.

ಕಾರಣ ಶಿರಸಿಯವರಿಗೆ ಹೇಳಿದ್ದೇ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಶುರುವಿನಿಂದಲೂ ಕೊಡಗಿಗೆ ಅನ್ವಯ ಆಗಿರೋ ಕಾಯ್ದೆ, ಆದ್ರೆ ಅದರ ಪ್ರಕಾರ ಈಸ್‌ಮೆಂಟ್ ಅನ್ನೋದು ಒಂದು ಜಮೀನಿನ ಅನುಭೋಗಕ್ಕಾಗಿ ಇನ್ನೊಂದು ಜಮೀನಿನ ಮೇಲಿರೋ ಹಕ್ಕು. ಜಮೀನೇ ಇಲ್ಲದ ಟ್ರಸ್ಟು ಹಕ್ಕು ಹಿಡಿಯೋಕೆ ಬರಲ್ಲ. ಟ್ರಸ್ಟ್ ಜೊತೆ ಕರಾರು ಮಾಡ್ಕೊಂಡ್ರೆ ಅದು ನಿಮ್ಮನ್ನ ಕಟ್ಟಿಹಾಕುತ್ತೆ, ನಾಳೆ ಕೊಳ್ಳೋನನ್ನ ಕಟ್ಟಿಹಾಕೋದು ಕಷ್ಟ. ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಸೆಕ್ಷನ್ ಒಂದು ಸಣ್ಣ ಬಾಗಿಲು ತೆರೆಯುತ್ತೆ: ಪಕ್ಕದ ಜಮೀನಿನ ಮಾಲೀಕ ತನ್ನ ಜಮೀನಿನ ಒಳಿತಿಗಾಗಿ ನಿಮ್ಮ ಜಮೀನಿನಲ್ಲಿ ಇಂಥದ್ದು ಮಾಡಬಾರ್ದು ಅನ್ನೋ ಹಕ್ಕು ಪಡೆದಿದ್ರೆ, ಅದು ಗೊತ್ತಿದ್ದೂ ಕೊಂಡವನ ಮೇಲೂ ಅದನ್ನ ಜಾರಿ ಮಾಡಬಹುದು. ಅಂದ್ರೆ ಅಕ್ಕಪಕ್ಕದ ಎರಡು ಮೂರು ತೋಟದವರು ಸೇರಿ ಒಬ್ಬರಿಗೊಬ್ಬರು ಬರೆದುಕೊಟ್ರೆ, ಅಥವಾ ಟ್ರಸ್ಟಿಗೆ ಪಕ್ಕದಲ್ಲಿ ಒಂದು ತುಂಡು ಇದ್ರೆ, ಪ್ರಯತ್ನ ಮಾಡಬಹುದು. ಒಳ್ಳೇ ಸಿವಿಲ್ ವಕೀಲರ ಹತ್ರ ಕೂತು ಬರೆಸಬೇಕಾದ ಕೆಲಸ.

ಇನ್ನೊಂದು ದಾರಿ ವನ್ಯಜೀವಿ ಕಾಯ್ದೆಯ 36ಸಿ, 2002ರ ತಿದ್ದುಪಡಿಯಲ್ಲಿ ಬಂದಿದ್ದು, ಕಮ್ಯುನಿಟಿ ರಿಸರ್ವ್. ಒಬ್ಬ ವ್ಯಕ್ತಿ ಅಥವಾ ಸಮುದಾಯ ತಾವಾಗೇ ಮುಂದೆ ಬಂದ್ರೆ ಅವರ ಜಮೀನನ್ನ ರಾಜ್ಯ ಸರ್ಕಾರ ಹಂಗೆ ಘೋಷಿಸಬಹುದು, ಮಾಲೀಕತ್ವ ನಿಮ್ಮದೇ, ಆದ್ರೆ ಆಮೇಲೆ ಭೂಬಳಕೆ ಬದಲಾಯಿಸಬೇಕಂದ್ರೆ ಸಮಿತಿಯ ನಿರ್ಣಯ ಮತ್ತೆ ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಂಗೇ ಆಗಿದ್ದು, ಊರ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋ ಊರು. ನಿಮ್ಮ ಜಮೀನು ರಿಸರ್ವ್ ಫಾರೆಸ್ಟ್ ಪಕ್ಕದಲ್ಲಿರೋದ್ರಿಂದ ನೀವು ಕೇಳಬಹುದು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೇ ಇರೋ ಖಾಸಗಿ ಜಮೀನಿಗೆ ಮಾತ್ರ ಈ ಸೆಕ್ಷನ್ ಅನ್ವಯ ಆಗಲ್ಲ, ಕುದುರೆಮುಖ ಕಡೆಯಿಂದ ಬರೆದವರು ಗಮನಿಸಿ. ಅಲ್ಲಿ ಸಿಗೋ ಆಯ್ಕೆ ಎರಡೇ, ಇದ್ದಂಗೇ ಇರೋದು, ಇಲ್ಲ ಪರಿಹಾರ ತಗೊಂಡು ಎದ್ದು ಹೋಗೋದು. ಉಳಿಯೋಕೆ ಇಷ್ಟ ಇರೋ ರೈತನಿಗೆ, ನೀನು ಇರು, ಗದ್ದೆ ಮಾಡು, ರೆಸಾರ್ಟಿಗೆ ಮಾತ್ರ ಕೊಡ್ಬೇಡ, ಅದಕ್ಕೆ ಈ ಬೆಲೆ ತಗೋ ಅಂತ ಹೇಳೋ ಮೂರನೇ ದಾರಿ ನಮ್ಮ ಕಾನೂನಲ್ಲಿ ಇಲ್ಲ. ಅದು ಬೇಕು. 2020ರ ಭೂಸುಧಾರಣಾ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಮಲೆನಾಡಿನ ಗದ್ದೆ ಗುಡ್ಡಕ್ಕೆ ಹೊರಗಿನ ದುಡ್ಡು ಬರ್ತಿರೋ ಈ ಹೊತ್ತಲ್ಲಿ ಇನ್ನೂ ಬೇಗ ಬೇಕು.

ಇದು ಪರದೇಶದ ಕಲ್ಪನೆ, ನಮಗೆ ಒಗ್ಗಲ್ಲ ಅನ್ನೋರಿಗೆ ನಾನು ನಿಮ್ಮ ಕೊಡಗನ್ನೇ ತೋರಿಸ್ತೀನಿ. ಅನ್‌ರಿಡೀಮ್ಡ್ ಜಮೀನಿನಲ್ಲಿ ನೆಲ ನಿಮ್ಮದು, ಮರ ಸರ್ಕಾರದ್ದು, ಅಲ್ವಾ? ಉತ್ತರ ಕನ್ನಡದ ಸೊಪ್ಪಿನಬೆಟ್ಟದಲ್ಲಿ ನೆಲ ಸರ್ಕಾರದ್ದು, ಸೊಪ್ಪು ತರಗೆಲೆ ಅಡಿಕೆ ತೋಟದವರದ್ದು. ಒಂದೇ ಜಾಗದ ಹಕ್ಕನ್ನ ಇಬ್ಬರಿಗೆ ಹಂಚೋದು ನಮ್ಮ ಕಂದಾಯ ಇಲಾಖೆಗೆ ಹೊಸದೇನಲ್ಲ. ಇಲ್ಲದೇ ಇರೋದು ದುಡ್ಡಿನ ದಾರಿ. ನಮ್ಮಲ್ಲಿ ದಾನಕ್ಕೆ ತೆರಿಗೆ ರಿಯಾಯ್ತಿ ಸಿಗೋದು ಹಣದ ರೂಪದಲ್ಲಿ ಕೊಟ್ರೆ ಮಾತ್ರ, ಹಕ್ಕು ಬಿಟ್ಟುಕೊಟ್ಟವರಿಗೆ ಸೊನ್ನೆ. ಒಂದು ಬೆಳೆಗಾರ ಕುಟುಂಬ ಕೋಟಿಗಟ್ಟಲೆ ಬೆಲೆ ಬಾಳೋ ಅವಕಾಶ ಬಿಡುತ್ತೆ ಅಂದ್ರೆ ಅದನ್ನ ಪುಕ್ಕಟೆ ಕೇಳೋದು ಅನ್ಯಾಯ.

ಸದ್ಯಕ್ಕೆ ನೀವು ಮಾಡಬಹುದಾದ್ದು ಇದು: ಆ 15 ಎಕರೆಯನ್ನ ಸರ್ವೆ ಮಾಡಿಸಿ ಪ್ರತ್ಯೇಕ ಹಿಸ್ಸಾ ಮಾಡಿಸಿ, ಮರ, ಹಳ್ಳ, ಪ್ರಾಣಿ ಓಡಾಟ ಎಲ್ಲ ದಾಖಲು ಮಾಡಿಡಿ, 36ಸಿ ಬಗ್ಗೆ ಅರಣ್ಯ ಇಲಾಖೆಗೆ ಲಿಖಿತವಾಗಿ ಕೇಳಿ. ಮತ್ತೆ ಮಕ್ಕಳನ್ನ ಕೂರಿಸ್ಕೊಂಡು ಮಾತಾಡಿ, ಅವರ ಒಪ್ಪಿಗೆ ಇಲ್ಲದೆ ಬರೆದ ಯಾವ ಪತ್ರವೂ ಗಟ್ಟಿ ಅಲ್ಲ.

ಜುಲೈನಲ್ಲಿ ಮಗಳ ಮನೆಗೆ ಹೋಗ್ತಿದೀವಿ, ಸಾಟೂತ್ ನೋಡೋ ಪ್ಲಾನ್ ಇದೆ. ಈಸ್‌ಮೆಂಟ್ ಇರೋ ಜಮೀನೊಳಗೆ ಓಡಾಡಬಹುದಾ? (ಬೆಂಗಳೂರು, ಜಯನಗರ)

ಓಡಾಡೋ ಹಂಗಿಲ್ಲ. ಈಸ್‌ಮೆಂಟ್ ಇದ್ರೂ ಅದು ಖಾಸಗಿ ಜಮೀನೇ, ಪತ್ರದಲ್ಲಿ ಸಾರ್ವಜನಿಕ ದಾರಿ ಅಂತ ಬರೆದಿದ್ರೆ ಮಾತ್ರ ಆ ದಾರಿಯಲ್ಲಿ. ಮೇಲೆ ಹೇಳಿದ ಸ್ಟ್ಯಾನ್ಲಿ–ರೆಡ್‌ಫಿಶ್ ದಾರಿ ಅಂಥದ್ದು, ಸುಮಾರು ನಾಲ್ಕೂವರೆ ಮೈಲಿ, ಹೆಚ್ಚು ಏರಿಲ್ಲ, ವಯಸ್ಸಾದವರೂ ನಿಧಾನಕ್ಕೆ ನಡೀಬಹುದು. ಗೇಟ್ ಸಿಕ್ಕಿದ್ರೆ ತೆರೆದು ದಾಟಿದ ಮೇಲೆ ಮುಚ್ಚಿ, ದನ ಇರ್ತವೆ. ಜುಲೈ ಆದ್ರೂ ರಾತ್ರಿ ಚಳಿ ಇರುತ್ತೆ, ಸ್ವೆಟರ್ ಒಯ್ಯಿರಿ.